ಮಾವನ ಕೈಯ ನೀರು

ನನ್ನ ಷಡ್ಡಕ ಹಿಮಾಲಯ ಹತ್ತಿ ಬಂದ ದಿನ ನಮ್ಮ ಮಾವ ಅವನ ಕಾಲಿಗೆ ತಮ್ಮ ಕೈಯಾರೆ ನೀರು ಹಾಕಿದರು. ನಾನು ಅಲ್ಲೇ ಪಡಸಾಲೆಯಲ್ಲಿ ಕೂತಿದ್ದೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುವುದೂ ಮರೆತುಹೋಯಿತು.

ಕಾಲಿಗೆ ನೀರು ಕೊಡುವುದೇನು ಮಹಾ, ಎಲ್ಲರ ಮನೆಯಲ್ಲೂ ಕೊಡುತ್ತಾರೆ ಎನ್ನಬಹುದು. ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿರುವ ನಮ್ಮ ಮಾವನ ಮನೆಯಲ್ಲಿ ಅದಕ್ಕೊಂದು ಲೆಕ್ಕವಿದೆ. ಬಂದವರಿಗೆಲ್ಲ ಚೊಂಬು ಇಡುತ್ತಾರೆ, ಅವರವರ ಕಾಲು ಅವರವರು ತೊಳೆದುಕೊಳ್ಳಬೇಕು. ಆದರೆ ಕುರಿಮಂದೆಯ ಜೊತೆ ವಲಸೆ ಹೋಗಿ, ತಿಂಗಳುಗಟ್ಟಲೆ ಕಾಡು ಮೇಡು ನಡೆದು ಹಿಂತಿರುಗಿದವನಿಗೆ ಮಾತ್ರ ಮನೆಯ ಹಿರಿಯ ಹೊಸಿಲ ಹೊರಗೆ ನಿಂತು, ಬಗ್ಗಿ, ತಾನೇ ನೀರು ಹಾಕುತ್ತಾನೆ. ಮಾವನಿಗೆ ಅವರಪ್ಪ ಹಾಕುತ್ತಿದ್ದರಂತೆ. ಕಂಬದೂರಿನ ಕಡೆಯ ಹಳ್ಳಿ ಬಿಟ್ಟು, ಮಂದೆ ಮಾರಿ, ಈ ಊರಿನ ಅಂಚಿಗೆ ಮನೆ ಕಟ್ಟಿದ ಮೇಲೆ ಆ ನೀರು ಯಾರ ಕಾಲಿಗೂ ಬಿದ್ದಿರಲಿಲ್ಲ. ಹಿರಿಯ ಅಳಿಯ ನಾನು. ಎಷ್ಟು ವರ್ಷದಿಂದ ಆ ಮನೆಗೆ ಬರುತ್ತಿದ್ದೇನೆ! ಬೈಕಿನಲ್ಲಿ ಬಂದವನಿಗೆ ಚೊಂಬೇ ಗತಿ.

ಷಡ್ಡಕ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಗೇಟಿನೊಳಗೆ ಕಾಲಿಟ್ಟ ಕೂಡಲೇ ಮಾವ ಕುರ್ಚಿಯಿಂದ ಎದ್ದರು.

"ನಿಲ್ಲಪ್ಪಾ ಅಲ್ಲುಡು, ಅಲ್ಲೇ ನಿಲ್ಲು. ನಡೆದು ಬಂದ ಕಾಲು ಅವು," ಅಂದರು. ಅಳಿಯಂದಿರನ್ನು ತೆಲುಗಿನಲ್ಲಿ ಅಲ್ಲುಡು ಎಂದೇ ಅವರು ಕರೆಯುವುದು.

ಅವನು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವವನು. ಮೆತ್ತಗಿನ ಮನುಷ್ಯ, ನನ್ನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಾನೆ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವತ್ತು ಅವನು ಮಾವನ ಪಕ್ಕ ಕೂತು ಹಿಮದ ಕಥೆ ಹೇಳಿದ, ನಾನು ಕೂರುತ್ತಿದ್ದ ಜಾಗದಲ್ಲಿ. ಅವನ ಚೀಲದೊಳಗಿನ ನೀರಿನ ಸಂಚಿಯಿಂದ ಒಂದು ಪೈಪು ಭುಜದ ಮೇಲೆ ಇಳಿಬಿದ್ದಿತ್ತು. ನಡೆಯುತ್ತಲೇ ಅದನ್ನು ಬಾಯಿಗಿಟ್ಟು ನೀರು ಹೀರಬಹುದಂತೆ. ಮಗು ಹಾಲಿನ ಬಾಟಲಿ ಚೀಪಿದ ಹಾಗೆ ಅವನು ಚೀಪಿ ತೋರಿಸಿದ. ಮಾವ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನನ್ನ ಮಾತಿಗೆ ಅವರು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ನನ್ನ ಕಸುಬು ಲಾರಿಗಳ ಭಾರ ತಾಳುವ ಕಮಾನು ಪಟ್ಟಿಯದು. ಊರು ಬ್ರಹ್ಮಸಮುದ್ರದ ಕಡೆ. ಏಳನೇ ಕ್ಲಾಸು ಮುಗಿಯುವ ಮುಂಚೆಯೇ ಸ್ಕೂಲು ಬಿಟ್ಟು ಹಿಂದೂಪುರಕ್ಕೆ ಬಂದು ಸುತ್ತಿಗೆ ಹಿಡಿದೆ. ಮನೆ ಈಗಲೂ ಹಿಂದೂಪುರದಲ್ಲೇ, ಅಂಗಡಿ ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ. ಮುರಿದ ಪಟ್ಟಿ ಬಿಚ್ಚಿ, ಕಾಯಿಸಿ, ಬಡಿದು, ಮತ್ತೆ ಲಾರಿಯ ಹೊಟ್ಟೆಯ ಕೆಳಗೆ ಕಟ್ಟುವುದು. ನನ್ನ ವಯಸ್ಸಿನವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತುಬಿಟ್ಟಿದ್ದಾರೆ. ನಾನು ಇನ್ನೂ ಕುಲುಮೆಯ ಮುಂದೆ ನಿಲ್ಲುತ್ತೇನೆ. ಚಾಕ್‌ಪೀಸು ಹಿಡಿಯುವ ಕೈ ಬೆಟ್ಟ ಹತ್ತಿ ಬರುತ್ತದೆ, ಸುತ್ತಿಗೆ ಹಿಡಿಯುವ ಕೈಗೆ ಕಾಫಿ ಲೋಟ. ಆ ವಾರವೆಲ್ಲ ಪಟ್ಟಿಗೆ ಬೀಳಬೇಕಾದ ಏಟಿಗಿಂತ ಹೆಚ್ಚೇ ಬಿದ್ದವು.

ಭಾನುವಾರ ಮಗಳನ್ನು ಕೂರಿಸಿಕೊಂಡು, "ಆ ಹಿಮಾಲಯದ್ದು ಫೋನಲ್ಲಿ ತೆಗಿಯಮ್ಮ," ಅಂದೆ. ಅವಳು ಡಿಗ್ರಿ ಓದುತ್ತಾಳೆ. ತೆಗೆದು ಓದಿದಳು. ಸುಲಭ, ಮಧ್ಯಮ, ಕಠಿಣ ಅಂತ ಮೂರು ತರಹ ಇದ್ದವು. ಒಂದರಲ್ಲಿ ಹೂವಿನ ಕಣಿವೆ, ಒಂದರಲ್ಲಿ ಬೆಟ್ಟದ ಮೇಲಿನ ಕೆರೆ, ಇನ್ನೊಂದರಲ್ಲಿ ಎರಡು ಶಿಖರಗಳ ನಡುವಿನ ಕಿಂಡಿ ದಾಟಿ ಆ ಕಡೆಯ ಕಣಿವೆಗೆ ಇಳಿಯುವುದು. ದಾರಿಯಲ್ಲಿ ಊರಿಲ್ಲ, ಫೋನ್ ಇಲ್ಲ, ದಿನಗಟ್ಟಲೆ ಡೇರೆಯಲ್ಲೇ ವಾಸ.

"ಹೂವು ಚೆನ್ನಾಗೈತೆ ನೋಡಪ್ಪ," ಅಂದಳು.

"ನಿಮ್ಮ ಚಿಕ್ಕಪ್ಪ ಹೋಗಿದ್ದು ಯಾವ್ದು?"

"ಕೆರೇದು. ಮಧ್ಯಮ."

"ಹಂಗಾದ್ರೆ ಕಿಂಡೀದು."

"ಅಪ್ಪಾ, ಅದು ಕಠಿಣ ಅಂತ ಕೆಂಪಕ್ಷರದಾಗೆ ಬರ್ದವ್ರೆ."

"ಅದಕ್ಕೇ ಅದು."

ಅವಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. "ನೀನು ಬೆಟ್ಟ ಆರಿಸ್ತಿಲ್ಲ ಕಣಪ್ಪ. ಚಿಕ್ಕಪ್ಪನ ತಲೆ ಮೇಲೆ ಕೂರೋಕೆ ಜಾಗ ಹುಡುಕ್ತಿದ್ದೀಯ."

ಹುಡುಗಿ ತಪ್ಪು ಹೇಳಿರಲಿಲ್ಲ.

ಕರೆದೊಯ್ಯುವ ಕಂಪನಿಗೆ ಫೋನು ಮಾಡಿದರೆ ಬೆಂಗಳೂರಿನ ಒಬ್ಬ ಹುಡುಗಿ ಎತ್ತಿದಳು.

"ಸರ್, ಮೊದಲು ಯಾವುದಾದರೂ ಟ್ರೆಕ್ ಮಾಡಿದ್ದೀರಾ?"

"ಟ್ರೆಕ್ಕು ಗಿಕ್ಕು ಇಲ್ಲಮ್ಮ. ದಿನಾ ಕಬ್ಬಿಣ ಎತ್ತೀನಿ."

"ಓ, ಜಿಮ್ಮಿಗೆ ಹೋಗ್ತೀರಾ ಸರ್?"

"ಹೂಂ, ಅಂಥದ್ದೇ ಅಂದ್ಕೊ."

"ಸರ್, ಮೊದಲನೇ ಸಲಕ್ಕೆ ಕೆರೆಯ ದಾರಿ ಒಳ್ಳೇದು. ತುಂಬಾ ಚೆನ್ನಾಗಿದೆ."

"ಅದು ನಮ್ಮನೇಲಿ ಆಗೋಗೈತೆ ಕಣಮ್ಮ. ಕಿಂಡೀದು ಕೊಡು."

ಡಾಕ್ಟರ ಚೀಟಿ ಬೇಕು, ಓಡುವ ವಿಡಿಯೋ ಕಳಿಸಬೇಕು ಅಂದಳು. ಹಿಂದೂಪುರದ ಮೈದಾನದಲ್ಲಿ ಬೆಳಗ್ಗೆ ಬೆಳಗ್ಗೆ ಓಡತೊಡಗಿದೆ. ಹೆಂಡತಿ ಒಂದು ದಿನ ನೋಡಲು ಬಂದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಏನ್ ಓಟ, ನಾಯಿ ಅಟ್ಟಿಸ್ಕಂಡು ಬಂದಂಗೆ! ನಮ್ಮಪ್ಪನ ಒಂದ್ ಚೊಂಬು ನೀರಿಗೆ ಇಷ್ಟೊಂದು ಬೆವರಾ?"

ಅವಳಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತೋ ಏನೋ.

ಹೊರಡುವ ಮುಂಚೆ ಮಾವನಿಗೆ ಹೇಳಿ ಬರಲು ಹೋದೆ. ಅವರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಹಳೆಯ ದಿನಗಳ ಮಾತು ತೆಗೆದರು. "ನಾವು ನಡಿಯೋವಾಗ ಮಂದೆ ಕುಡಿಯೋಗಂಟ ನೀರು ಮುಟ್ತಿರ್ಲಿಲ್ಲ ಕಣಪ್ಪ. ಬಿಸಿಲು ನೆತ್ತಿಗೆ ಬರ್ಲಿ, ನಾಲಿಗೆ ಒಣಗ್ಲಿ. ನಡಿಯೋವಾಗ ನೀರು ಕುಡಿಯೋನು ನಡಿಯೋನೇ ಅಲ್ಲ." ಈ ಮಾತು ನಾನು ಮೊದಲೂ ಕೇಳಿದ್ದೆ. ಅವತ್ತು ಅದು ಎದೆಗೆ ನಾಟಿತು. ಪೈಪು ಚೀಪುತ್ತ ಹತ್ತಿದ ಷಡ್ಡಕ ಎಲ್ಲಿ, ಮಾವನ ಹಾಗೆ ಗಂಟಲು ಒಣಗಿಸಿಕೊಂಡು ಹತ್ತುವ ನಾನೆಲ್ಲಿ! ಬೆಟ್ಟವೂ ಎತ್ತರದ್ದು, ನಡಿಗೆಯೂ ಮಾವನದು. ಇಷ್ಟಾದ ಮೇಲೆ ಅವರು ಬಗ್ಗದೆ ಇರುತ್ತಾರೆಯೇ?

ಮೊದಲ ದಿನ ಬೆಟ್ಟದಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ದೇವದಾರು ಮರಗಳ ನಡುವೆ ದಾರಿ, ಪಕ್ಕದಲ್ಲೇ ಬೆಳ್ಳಗೆ ನೊರೆ ಕಾರುವ ಹೊಳೆ. ನಮ್ಮ ಗುಂಪಿನಲ್ಲಿದ್ದವರೆಲ್ಲ ನನ್ನ ಮಗಳ ವಯಸ್ಸಿನವರು. ನಾನು ಅವರನ್ನೆಲ್ಲ ಹಿಂದೆ ಹಾಕಿ ಮೇಲೆ ಹೋಗಿ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಮಾರ್ಗದರ್ಶಿ ಆ ಬೆಟ್ಟದವನೇ ಒಬ್ಬ ಗಡ್ಡದ ಯುವಕ, ಹಿಂದಿಯವನು. ಚೆಕ್‌ಪೋಸ್ಟಿನಲ್ಲಿ ಪಂಜಾಬಿ ಡ್ರೈವರುಗಳ ಜೊತೆ ಕಲಿತ ಹಿಂದಿ ನನಗೆ ಸಾಕಾಗುತ್ತಿತ್ತು. ನಿಂತಲ್ಲೆಲ್ಲ ಅವನು ನೀರು ಕುಡಿಯಿರಿ, ನೀರು ಕುಡಿಯಿರಿ ಎನ್ನುವನು. ನಾನು ತಲೆಯಾಡಿಸುವೆ. ಬಾಟಲಿ ಚೀಲದಲ್ಲೇ ಇರುವುದು. ಸಂಜೆ ಡೇರೆ ಹಾಕಿದ ಮೇಲೆ, ಸಾಮಾನು ಹೊತ್ತ ಹೇಸರಗತ್ತೆಗಳು ಹೊಳೆಗೆ ಬಾಯಿ ಹಾಕಿದ ಮೇಲೆ, ನಾನು ಒಂದು ಲೋಟ ಕುಡಿದೆ. ನನ್ನ ಪಾಲಿಗೆ ಅವೇ ಮಂದೆ.

ಮರ ಮುಗಿದು ಬರೀ ಹುಲ್ಲು, ಹುಲ್ಲು ಮುಗಿದು ಬರೀ ಕಲ್ಲು. ಎತ್ತರ ಏರುತ್ತ ಹೋದಂತೆ ತಲೆಯೊಳಗೆ ಯಾರೋ ಸುತ್ತಿಗೆ ಆಡಿಸತೊಡಗಿದರು. ಅನ್ನ ಸೇರಲಿಲ್ಲ. ಹಿಂದೆ ಹಾಕಿದ್ದ ಮಕ್ಕಳು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಅವರ ಭುಜದ ಮೇಲೂ ಅದೇ ಪೈಪು. ಕಿಂಡಿ ಎದುರಿಗೇ ಕಾಣುತ್ತಿತ್ತು, ಎರಡು ಕಪ್ಪು ಬಂಡೆಗಳ ನಡುವೆ ಒಂದು ಬಿಳಿ ಸೀಳು. ಅದರ ಬುಡದ ಡೇರೆಯ ಹತ್ತಿರ ನಾನು ಮಂಡಿಯೂರಿ ಕೂತು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ.

ಗಡ್ಡದವನು ನನ್ನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ ನೋಡಿದ. ಮುಖ ಸಣ್ಣದು ಮಾಡಿದ. ಎಷ್ಟು ನೀರು ಕುಡಿದಿರಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಚೀಲದಿಂದ ಬಾಟಲಿಗಳನ್ನು ತೆಗೆದ. ಎರಡೂ ಬೆಳಗ್ಗೆ ತುಂಬಿಸಿದ ಹಾಗೇ ಇದ್ದವು. ಅವನು ಅವನ್ನು ಅಲ್ಲಾಡಿಸಿ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಎತ್ತರಕ್ಕೆ ಮೊದಲೇ ತಲೆ ಕೆಡುತ್ತದೆ ಚಾಚಾ. ನೀವು ನೀರನ್ನೂ ಬಿಟ್ಟಿರಿ," ಎಂದು ಹಿಂದಿಯಲ್ಲಿ ಅಂದ. "ಇನ್ನು ಮೇಲೆ ಕಳಿಸಲ್ಲ. ಕೆಳಗೆ ಇಳಿಯಿರಿ."

ಬೇಡಿಕೊಂಡೆ, ರೇಗಿದೆ. ಅವನು ಹಠದಲ್ಲಿ ನನಗಿಂತ ಮೇಲಿದ್ದ. ಹೇಸರಗತ್ತೆಯವನ ಜೊತೆ ನನ್ನನ್ನು ಇಳಿಸಿದರು. ತಿರುವಿನಲ್ಲಿ ನಿಂತು ನೋಡಿದರೆ ಮಿಕ್ಕವರು ಸಾಲಾಗಿ ಆ ಬಿಳಿ ಸೀಳಿನ ಕಡೆ ಹೋಗುತ್ತಿದ್ದರು, ಇರುವೆ ಸಾಲಿನ ಹಾಗೆ. ಒಂದೊಂದು ಇರುವೆಯ ಮೇಲೂ ನನಗೆ ಹೊಟ್ಟೆ ಉರಿಯಿತು.

ಫೋನು ಸಿಗುವ ಜಾಗಕ್ಕೆ ಬಂದಾಗ ಹೆಂಡತಿಗೆ ಇಷ್ಟೇ ಹೇಳಿದೆ: "ಬತ್ತಿದ್ದೀನಿ." ನಾನು ಕಿಂಡಿ ದಾಟಿಯೇ ಬರುತ್ತಿದ್ದೇನೆ ಎಂದು ಅವಳು ಅಂದುಕೊಂಡಳು. "ನೀನು ನೆಟ್ಟಗೆ ಕಲ್ಯಾಣದುರ್ಗಕ್ಕೆ ಬಾ. ನಾನೂ ಅಲ್ಲೇ ಇರ್ತೀನಿ. ಅಪ್ಪ ಕಾಯ್ತೈತೆ," ಅಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಬಸ್ಸು ಕಂಬದೂರು ದಾಟಿದ ಮೇಲೆ ಕಿಟಕಿಯಾಚೆ ಕುರಿ ಮಂದೆಯೊಂದು ರಸ್ತೆಯ ಪಕ್ಕ ಹೋಗುತ್ತಿತ್ತು. ನನ್ನ ಬೂಟಿನ ಮೇಲೆ ಬೆಟ್ಟದ ಕೆಸರು ಹಾಗೇ ಒಣಗಿತ್ತು. ಹೋಗುವಾಗ, ಅದನ್ನು ತೊಳೆಯದೆ ಬಂದು ಮಾವನಿಗೆ ತೋರಿಸಬೇಕು ಎಂದುಕೊಂಡಿದ್ದೆ. ಕೆಸರಿಗೇನು ಗೊತ್ತು, ದಾಟಿ ಬಂದವನೋ ಅರ್ಧದಿಂದ ಇಳಿದು ಬಂದವನೋ ಎಂದು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ನೀರು ಕಾಲಿಗೆ ಬೀಳುತ್ತದೆ.

ಗೇಟು ತೆಗೆದರೆ ಎಲ್ಲರೂ ಅಂಗಳದಲ್ಲೇ ಇದ್ದರು. ಷಡ್ಡಕ ಓಡಿ ಬಂದು ಚೀಲ ಇಳಿಸಿಕೊಂಡ. "ಅಣ್ಣಾ, ಅದು ಎಂಥಾ ದಾರಿ! ನಾನಾಗಿದ್ರೆ ಅರ್ಧಕ್ಕೇ ಬಂದ್ಬುಡ್ತಿದ್ದೆ," ಅಂದ. ಫೋಟೋ ತೆಗೆಯಲು ಫೋನು ಎತ್ತಿ ಹಿಡಿದ. ಮಾವ ಕುರ್ಚಿಯ ತೋಳು ಹಿಡಿದು ಎದ್ದರು. ಒಂದು ಕೈ ಮಂಡಿಯ ಮೇಲೆ, ಒಂದು ಕೈಯಲ್ಲಿ ಹಿತ್ತಾಳೆ ಚೊಂಬು.

"ರಾ ಅಲ್ಲುಡೂ, ಬಾ. ಬೂಟು ಬಿಚ್ಚು."

ಬಿಚ್ಚಿದೆ. ಮಾವ ಬಗ್ಗಿದರು. ಇಷ್ಟು ದಿನ ಇದನ್ನೇ ಕಣ್ಣ ಮುಂದೆ ಕಂಡಿದ್ದೆ. ಅದೇ ಹೊತ್ತಿಗೆ ಷಡ್ಡಕನ ಕಾಲು ಕಣ್ಣಿಗೆ ಬಿತ್ತು, ಚಪ್ಪಲಿಯೊಳಗಿನ ಆ ತೆಳ್ಳಗಿನ, ಬೆಳ್ಳಗಿನ ಕಾಲು. ಅದಕ್ಕೆ ಬಿದ್ದ ನೀರು ನಿಜದ್ದು. ನನಗೆ ಬೀಳುವುದು ಸುಳ್ಳಿನದು. ಈಗ ಹಾಕಿಸಿಕೊಂಡರೆ ಸಾಯುವ ತನಕ ಅವನು ನನಗಿಂತ ಒಂದು ಮೆಟ್ಟಿಲು ಮೇಲೆಯೇ. ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಿರುತ್ತದೆ. ಅದನ್ನು ಮಾತ್ರ ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಕಾಲು ಹಿಂದಕ್ಕೆಳೆದುಕೊಂಡೆ. "ಮಾವ, ನಾನು ದಾಟ್ಲಿಲ್ಲ. ಬುಡದಿಂದ ವಾಪಸ್ ಕಳಿಸಿದ್ರು."

ಷಡ್ಡಕ ಫೋನು ಕೆಳಗಿಳಿಸಿದ. ಹೆಂಡತಿ "ಅಯ್ಯೋ" ಅಂದಳು. ಮಾವ ಬಗ್ಗಿದವರು ಬಗ್ಗಿದ ಹಾಗೇ ತಲೆ ಎತ್ತಿ ನೋಡಿದರು.

"ಯಾಕೆ? ಏನಾಯ್ತು?"

"ನೀರು ಕುಡೀಲಿಲ್ಲ. ನೀವು ಹೇಳಿದ್ರಲ್ಲ, ಮಂದೆ ಕುಡಿಯೋಗಂಟ ಮುಟ್ಬಾರ್ದು ಅಂತ. ನೀವು ನಡೆದಂಗೆ ನಡೆದೆ."

ಮಾವ ಮೆಲ್ಲಗೆ ನೆಟ್ಟಗಾದರು. ಅವರ ಮುಖದಲ್ಲಿದ್ದುದು ಸಿಟ್ಟೋ ನಗೆಯೋ ತಿಳಿಯಲಿಲ್ಲ.

"ಏ ಪಿಚ್ಚೋಡಾ!" ಅಂದರು ತೆಲುಗಿನಲ್ಲಿ. ಅಳಿಯನನ್ನು ಹುಚ್ಚ ಎಂದು ಅವರು ಕರೆದಿದ್ದು ಅದೇ ಮೊದಲು. "ನೀರಿರ್ಲಿಲ್ಲ ಕಣ್ಲಾ ಆವಾಗ! ಇದ್ದಿದ್ದೇ ಒಂದು ಕುಂಟೆ. ಅದು ಸಿಗೋಗಂಟ ಕುರೀನೂ ಕುಡೀತಿರ್ಲಿಲ್ಲ, ನಾವೂ ಕುಡೀತಿರ್ಲಿಲ್ಲ. ಸಿಕ್ಕಿದ್ರೆ ಬಿಡ್ತಿದ್ವಾ? ನಿನ್ ಪಕ್ಕದಾಗೆ ಹೊಳೆ ಹರೀತಿತ್ತಲ್ಲೋ!"

"ಅಪ್ಪಾ, ನೀನು ಅದನ್ನ ದೊಡ್ಡಸ್ತಿಕೆ ಮಾಡ್ಕಂಡು ಹೇಳ್ತಿದ್ದೆ," ಎಂದಳು ಹೆಂಡತಿ.

"ಹೇಳ್ತೀನಮ್ಮ. ನಾಲಿಗೆ ಒಣಗಿದ್ದು ನಂದು, ಹೇಳ್ಕೊಳೋದೂ ನಂದೇ. ಇವನ್ಗೆ ಮಾಡು ಅಂದೋರ್ಯಾರು?" ಎಂದು ಚೊಂಬನ್ನು ನನ್ನ ಕೈಗೆ ತುರುಕಿದರು. "ತಗೊ. ಮೊದ್ಲು ಕುಡಿ. ನನ್ನೆದುರ್ಗೆ ಕುಡಿ."

ಕುಡಿದೆ. ನಿಲ್ಲಿಸಿದರೆ "ಇನ್ನೂ" ಅನ್ನುವರು. ತಳದ ತನಕ ಕುಡಿಸಿದರು. ಚೊಂಬು ಬರಿದಾಯಿತು, ಕಾಲು ಒಣಗಿಯೇ ಇತ್ತು.

"ಕಾಲಿಗೆ?" ಎಂದೆ. ಕೇಳಬಾರದಿತ್ತು, ತಡೆಯಲಾಗಲಿಲ್ಲ.

"ಕಾಲಿಗೆ ತೊಟ್ಟಿ ಐತೆ. ಹೋಗಿ ತೊಳ್ಕೊ," ಎಂದು ಮಾವ ಮಂಡಿ ಹಿಡಿದುಕೊಂಡು ಕುರ್ಚಿಗೆ ಮರಳಿದರು.

ತೊಟ್ಟಿಯ ಹತ್ತಿರ ಬೆನ್ನು ತಿರುಗಿಸಿಕೊಂಡು ಕಾಲು ತೊಳೆಯುತ್ತಿದ್ದೆ. ಷಡ್ಡಕ ಬಂದು ಪಕ್ಕದಲ್ಲಿ ನಿಂತ. ಟವೆಲು ಹಿಡಿದಿದ್ದ. ಅವನ ಒಳ್ಳೆಯತನಕ್ಕೆ ಕೊನೆಯೇ ಇಲ್ಲ.

"ಅಣ್ಣಾ, ಮುಂದಿನ ವರ್ಷ ನಾನೂ ಆ ಕಿಂಡೀಗೇ ಹೋಗಾಣ ಅಂತಿದ್ದೀನಿ. ಒಟ್ಟಿಗೇ ಹೋಗಾಣವಾ?"

ಒಟ್ಟಿಗೆ ಹೋದರೆ ಒಟ್ಟಿಗೇ ಬರಬೇಕು. ಮಾವ ಯಾರ ಕಾಲಿಗೆ ಮೊದಲು ಬಗ್ಗುತ್ತಾರೆ? ಹಿರಿಯ ಅಳಿಯ ನಾನು.

"ಬತ್ತೀನಿ," ಎಂದೆ. ಟವೆಲು ತೆಗೆದುಕೊಂಡು ಕಾಲು ಒರೆಸಿಕೊಂಡೆ. "ಆ ಪೈಪಿನ ಚೀಲ ಎಲ್ಲಿ ತಗೊಂಡೆ?"

"ನಾನೇ ತರಿಸ್ಕೊಡ್ತೀನಿ ಬಿಡಣ್ಣ."

"ಬೇಡ. ಅಂಗಡಿ ಯಾವ್ದು ಹೇಳು, ನಾನೇ ತಗೋತೀನಿ," ಅಂದೆ. "ನಿಂದಕ್ಕಿಂತ ದೊಡ್ಡದು ಸಿಗ್ತದಾ?"