ಡ್ರಮ್ಮಿನ ತಳದ ನೈದಿಲೆ

ನಾವು ಗಲ್ಫಿನ ರುವೈಸ್ ಊರನ್ನು ಬಿಟ್ಟದ್ದು ಜನವರಿಯಲ್ಲಿ. ಏಪ್ರಿಲ್‌ನಲ್ಲಿ ಬಿಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಹಿತ್ತಲಿನ ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ನೈದಿಲೆ ಎಲೆ ಹರಡಿಕೊಂಡಿರುತ್ತದೆ, ಒಂದೆರಡು ಹೂವೂ ಇರುತ್ತದೆ, ಯಾರಾದರೂ ತಾವಾಗಿ ಕೇಳಿ ಒಯ್ಯುತ್ತಿದ್ದರು. ಜನವರಿಯಲ್ಲಿ ಅಲ್ಲಿ ಇದ್ದದ್ದು ಬರೀ ಕಪ್ಪು ನೀರು. ನೀರಿನ ಅಡಿಯಲ್ಲಿ ಒಂದು ಕುಂಡ, ಕುಂಡದ ಮಣ್ಣಿನಲ್ಲಿ ಒಂದು ಗಡ್ಡೆ. ಗಡ್ಡೆಗೆ ಜೀವ ಇದೆ ಎನ್ನುವುದಕ್ಕೆ ಸಾಕ್ಷಿ ನನ್ನ ಗಂಡ ಒಬ್ಬರೇ.

ಅವರು ಅಲ್ಲಿನ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಉಡುಪಿ ಕಡೆಯವರು, ಮನೆಮಾತು ತುಳು. ನಾನು ಮೈಸೂರಿನವಳು. ಅಬುಧಾಬಿಯ ಬಂದರಿನ ಹತ್ತಿರದ ಗಿಡದ ಅಂಗಡಿಗಳ ಸಾಲಿನಲ್ಲಿ ಈ ನೈದಿಲೆಯನ್ನು ಕೊಂಡವರು ಅವರು, ಅಲ್ಲಿಂದ ರುವೈಸ್‌ವರೆಗೆ ಅಷ್ಟು ದೂರ ಕಾರಿನಲ್ಲಿ ತಂದದ್ದು ನನ್ನ ಕಾಲುಗಳ ನಡುವೆ ಬಕೆಟ್ ಇಟ್ಟುಕೊಂಡು.

ಮೊದಲ ಚಳಿಗಾಲದಲ್ಲಿ ಎಲೆಗಳು ಒಂದೊಂದಾಗಿ ಹಳದಿಯಾದಾಗ ಅವರು ಗಾಬರಿಯಾದರು. ಎಲ್ಲೋ ಮಂಜು ಸುರಿಯುವ ದೇಶದ ಹೆಂಗಸೊಬ್ಬಳ ವಿಡಿಯೊ ಸಿಕ್ಕಿತು. ಆಕೆಯ ಕೊಳದ ಮೇಲೆ ಬಿಳೀ ಹಿಮದ ಹಲಗೆ. ಹಿಮ ಕಟ್ಟುವ ಮೊದಲೇ ಕುಂಡಗಳನ್ನು ಕೊಳದ ಆಳಕ್ಕೆ ಇಳಿಸಿಬಿಡಬೇಕು, ಗಡ್ಡೆ ಹೆಪ್ಪುಗಟ್ಟಿದರೆ ಕತೆ ಮುಗಿಯಿತು ಎಂದು ಆಕೆ ಎಚ್ಚರಿಸುತ್ತಿದ್ದಳು. ರುವೈಸ್‌ನಲ್ಲಿ ನೀರು ಹೆಪ್ಪುಗಟ್ಟುವುದು ಫ್ರೀಜರಿನೊಳಗೆ ಮಾತ್ರ. ಆದರೂ ರಾತ್ರಿ ಸಮುದ್ರದ ಗಾಳಿ ಬೀಸುತ್ತದಲ್ಲ ಎಂದು ಇವರು ಕಪಾಟಿನ ಮೇಲಿಂದ ಆ ದಪ್ಪ ಕಂಬಳಿಯನ್ನು ಇಳಿಸಿದರು. ಗಲ್ಫಿನ ಪ್ರತಿ ಮನೆಯಲ್ಲೂ ಜಿಪ್ ಚೀಲದೊಳಗೆ ಅಂಥದೊಂದು ಕಂಬಳಿ ಇರುತ್ತದೆ, ರಜೆಯಲ್ಲಿ ಊರಿಗೆ ಹೋಗುವಾಗ ಯಾರಿಗಾದರೂ ಕೊಡಲಿಕ್ಕೆ. ಅದನ್ನು ಡ್ರಮ್ಮಿಗೆ ಸುತ್ತಿ ಹಗ್ಗ ಕಟ್ಟಿದರು. ಕಂಬಳಿಯ ಮೇಲೆ ಹುಲಿಯ ಚಿತ್ರವಿತ್ತು ಎಂದು ನನ್ನ ನೆನಪು. ಅವರು ಗುಲಾಬಿ ಎನ್ನುತ್ತಾರೆ. ಹುಲಿಯಿದ್ದರೆ ಕತೆ ಚೆನ್ನಾಗಿ ಆಗುತ್ತದೆ, ಆದ್ದರಿಂದಲೇ ನನಗೆ ಹುಲಿಯ ಮೇಲೆ ಅನುಮಾನ.

ಕಾಲನಿಯವರು ಬಂದು ನೋಡಿ ನಕ್ಕರು. ಗಿಡ ಮಾತ್ರ ಮಲಗಲೂ ಇಲ್ಲ, ಏಳಲೂ ಇಲ್ಲ. ಬೆಚ್ಚಗಿನ ನೀರಿನಲ್ಲಿ ವಸಂತ ಬಂತೆಂದುಕೊಂಡು ಪೇಲವವಾದ ಎಲೆಯೊಂದನ್ನು ಮೇಲಕ್ಕೆ ಕಳಿಸುತ್ತಿತ್ತು, ಅದು ಕೊಳೆತರೆ ಇನ್ನೂ ತೆಳುವಾದ ಮತ್ತೊಂದು. ಮಾರ್ಚಿನಲ್ಲಿ ಅವರು ತೋಳು ಮುಳುಗಿಸಿ ಮುಟ್ಟಿ ನೋಡಿದಾಗ ಎರಡು ಗಡ್ಡೆಗಳಲ್ಲಿ ಒಂದು ಕೊಳೆತು ಬೆರಳಿಗೆ ಬೆಣ್ಣೆಯ ಹಾಗೆ ಸಿಕ್ಕಿತು. ಆ ದೇಶದಲ್ಲಿ ಚಳಿಯಿಂದ ಕಾಪಾಡಬೇಕು, ಈ ದೇಶದಲ್ಲಿ ಇರುವ ಇಷ್ಟೇ ಇಷ್ಟು ಚಳಿಯನ್ನು ಅದಕ್ಕೆ ಬಿಟ್ಟುಕೊಡಬೇಕು ಎಂದು ಆಮೇಲೆ ಗೊತ್ತಾಯಿತು. ಮುಂದಿನ ಚಳಿಗಾಲಗಳಲ್ಲಿ ಡ್ರಮ್ಮು ಬಯಲಿನಲ್ಲೇ ಇತ್ತು. ಡ್ಯೂಟಿಗೆ ಹೋಗುವ ಮೊದಲು ಆಗೀಗ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕುತ್ತಿದ್ದರು. ಅಂಗಡಿಯಲ್ಲಿ ಸುವರ್ಣಗಡ್ಡೆ ಒತ್ತಿ ನೋಡುತ್ತೇವಲ್ಲ, ಹಾಗೆ. ಗಟ್ಟಿಯಿದ್ದರೆ ಮಲಗಿದೆ ಎಂದರ್ಥ. ಒಳಗೆ ಬಂದು ಒದ್ದೆ ಕೈಯಲ್ಲೇ ಚಹಾ ಲೋಟ ಹಿಡಿಯುತ್ತಿದ್ದರು. ಅಂಥ ಬೆಳಗುಗಳಲ್ಲಿ ಅವರ ಮುಖ ನೋಡಲು ನನಗೆ ಇಷ್ಟವಾಗುತ್ತಿತ್ತು.

ಹೀಗಿರುವಾಗ ದುಬೈಯಲ್ಲಿ ಬೇರೆ ಕೆಲಸ ಸಿಕ್ಕಿತು. ಅಲ್ ಬರ್ಷಾದಲ್ಲಿ ಹಿಡಿದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನೀರು ನಿಲ್ಲಿಸಿಡಬಾರದು, ಸೊಳ್ಳೆ ಬರುತ್ತದೆ ಎಂದು ಕಟ್ಟಡದವರು ಮೊದಲೇ ಹೇಳಿದ್ದರು. ಹೇಳದಿದ್ದರೂ ಪ್ರಯೋಜನವಿರಲಿಲ್ಲ. ಪಕ್ಕದ ಮನೆಗಳ ಎ.ಸಿ. ಯಂತ್ರಗಳೆಲ್ಲ ಆ ಬಾಲ್ಕನಿಯ ಕಡೆಗೇ ಬಿಸಿಗಾಳಿ ಊದುತ್ತಿದ್ದವು. ಅಲ್ಲಿಗೆ ಚಳಿಗಾಲ ಬರುವುದೇ ಇಲ್ಲ. ಗಿಡ ಉಳಿಯಬೇಕಾದರೆ ರುವೈಸ್‌ನಲ್ಲೇ, ಬಯಲಲ್ಲೇ ಉಳಿಯಬೇಕು. ಅದನ್ನು ಇಟ್ಟುಕೊಳ್ಳುವವರು ಬೇಕು.

ನಮ್ಮ ಕಾಲನಿಯಲ್ಲಿ ಒಂದು ರೂಢಿಯಿದೆ. ಮನೆ ಖಾಲಿ ಮಾಡುವವರು ಒಂದು ಸಂಜೆ ಗಿಡಗಳನ್ನೆಲ್ಲ ಗೇಟಿನ ಬಳಿ ಸಾಲಾಗಿ ಇಡುತ್ತಾರೆ, ಪರಿಚಯದವರು ಚಹಾಕ್ಕೆ ಬಂದು ಹೋಗುವಾಗ ಒಂದೊಂದು ಕುಂಡ ಎತ್ತಿಕೊಳ್ಳುತ್ತಾರೆ. ನಮ್ಮ ತುಳಸಿ ಮೊದಲು ಹೋಯಿತು. ಕರಿಬೇವಿಗೆ ಇಬ್ಬರು ಹೆಂಗಸರು ನಗುನಗುತ್ತಲೇ ಪೈಪೋಟಿ ನಡೆಸಿದರು. ಮಲ್ಲಿಗೆ ಹೋಯಿತು. ಹಿತ್ತಲಿನ ಡ್ರಮ್ಮಿನೊಳಗೆ ಎಲ್ಲರೂ ಒಮ್ಮೆ ಇಣುಕಿದರು, ಒಬ್ಬರೂ ಏನೂ ಕೇಳಲಿಲ್ಲ.

ಮರುದಿನ ಸಾಮಾನು ಸಾಗಿಸಲು ದುಬೈಯ ದೇರಾದಿಂದ ಇವರ ಊರಿನ ಗೆಳೆಯ ಪಿಕಪ್ ತಂದರು. ಅಲ್ಲಿ ಅವರದು ಹೋಲ್‌ಸೇಲ್ ಅಂಗಡಿ. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು ಸೊಂಟಕ್ಕೆ ಕೈಯಿಟ್ಟರು.

“ಎಂತ ಮಾರಾಯ, ಖಾಲಿ ನೀರಿಗೆ ಯಾವ ಗಿರಾಕಿ ಬರ್ತಾನೆ? ಒಂದು ಹೂವಿನ ಗಿಡ ತಂದು ಮೇಲೆ ತೇಲಿಸಿ ಬಿಡು. ತಕೊಂಡು ಹೋಗ್ತಾರೆ. ಖಲಾಸ್.”

“ಅದು ಸತ್ತ ಮೇಲೆ ಅವರು ಇದನ್ನೂ ಚೆಲ್ತಾರೆ” ಎಂದರು ಇವರು. “ಇದು ಹೀಗೇ ಉಂಟು ಅಂತ ಗೊತ್ತಿದ್ದವರು ಬೇಕು ನನಗೆ.”

“ಹಾಗಾದ್ರೆ ಮದುವೆಗೆ ಹುಡುಗಿ ನೋಡಿದ ಹಾಗೆ ನೋಡ್ತಾ ಕೂತ್ಕೋ” ಎಂದು ಗೆಳೆಯ ಸೋಫಾ ಎತ್ತಲು ಹೋದರು. ಸಂಜೆಯೊಳಗೆ ಬೀಗದ ಕೈ ಕೊಡಬೇಕಿತ್ತು. ನನ್ನವರು ಮಾತ್ರ ಹಿತ್ತಲಿಗೂ ಗೇಟಿಗೂ ಓಡಾಡುತ್ತಿದ್ದರು.

ಆಗ ಹಿಂದಿನ ಸಾಲಿನ ಮನೆಯಾಕೆ ಬಂದಳು, ಹಿಂದಿನ ಸಂಜೆ ಒಯ್ದ ಕುಂಡದ ತಟ್ಟೆ ಮರೆತಿದ್ದಳಂತೆ. ನಮ್ಮ ಮೈಸೂರಿನ ಕಡೆಯವಳೇ, ಇಲ್ಲಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಗಂಡನಿಗೆ ಶಿಫ್ಟ್ ಕೆಲಸ, ಇವಳಿಗೆ ಹಗಲು ಉದ್ದ. ನನ್ನ ನೆನಪಿನಲ್ಲಿ ಈ ದೃಶ್ಯದ ನೀರಿನ ಮೇಲೆ ಸಂಜೆಬಿಸಿಲು ಹೊಳೆಯುತ್ತದೆ. ನಮ್ಮ ಹಿತ್ತಲಿಗೆ ಸಂಜೆಬಿಸಿಲು ಬೀಳುತ್ತಲೇ ಇರಲಿಲ್ಲ. ಬಿಸಿಲನ್ನು ತೆಗೆದು ಓದಿಕೊಳ್ಳಿ.

ಇವರು ಆಕೆಗೆ ಗಿಡದ ಕತೆಯೆಲ್ಲ ಹೇಳಿದರು. ಆಕೆ ಮರ್ಯಾದೆಗೆ ತಲೆಯಾಡಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಇವರು ಮಾತು ನಿಲ್ಲಿಸಿ, “ಒಮ್ಮೆ ಕೈ ಹಾಕಿ ನೋಡಿ” ಎಂದರು.

ಅವಳು ಬಳೆ ಮೇಲಕ್ಕೆ ಸರಿಸಿ, ಮುಖ ಕಿವುಚಿಕೊಂಡು ಮೊಣಕೈವರೆಗೆ ಇಳಿಸಿದಳು. ಹುಡುಕಿದಳು. ಕೈ ಒಂದು ಕಡೆ ನಿಂತಿತು.

“ಅಯ್ಯೋ, ಗಟ್ಟಿಯಾಗಿದೆ ಅಲ್ವಾ ಸರ್” ಎಂದಳು ಮೆಲ್ಲಗೆ, ಯಾರನ್ನೋ ಎಬ್ಬಿಸಿಬಿಡುತ್ತೇನೆ ಎನ್ನುವ ಹಾಗೆ. ಕೈಯನ್ನು ತಕ್ಷಣ ತೆಗೆಯಲೂ ಇಲ್ಲ. “ನಾನು ದಿನಾ ಏನು ಮಾಡ್ಬೇಕು ಇದಕ್ಕೆ?”

“ಏನೂ ಮಾಡ್ಬಾರ್ದು. ನೀರು ಕಮ್ಮಿಯಾದ್ರೆ ಹಾಕಿ. ಅಷ್ಟೇ.”

“ಏನೂ ಮಾಡದೇ ಇರೋದು ನನಗೆ ಕಷ್ಟ ಸರ್.”

“ನನಗೂ ಕಷ್ಟವೇ ಆಗಿತ್ತು” ಎಂದರು ಇವರು.

ಅರ್ಧ ನೀರು ಬಗ್ಗಿಸಿ, ದೇರಾದ ಗೆಳೆಯನೂ ಇವರೂ ಡ್ರಮ್ಮನ್ನು ಹಿಂದಿನ ಸಾಲಿಗೆ ಹೊತ್ತರು. ಗೆಳೆಯ ದಾರಿಯುದ್ದಕ್ಕೂ ಗೊಣಗಿದರು, ಆದರೂ ಇಳಿಸುವಾಗ ಅವರೇ ಮಗುವನ್ನು ಇಳಿಸುವಷ್ಟು ಹುಷಾರಾಗಿ ಬಗ್ಗಿದರು.

ಈಗ ನಾವು ಅಲ್ ಬರ್ಷಾದಲ್ಲಿದ್ದೇವೆ. ಹೂ ಅರಳಿದ ಫೋಟೊ ಬಂತು ಎಂದು ಇಲ್ಲಿ ಬರೆಯಲು ನನಗೆ ಆಸೆ. ಬಂದಿಲ್ಲ. ಫೆಬ್ರವರಿ ಇನ್ನೂ ಮುಗಿದಿಲ್ಲ. ಆದರೆ ಶುಕ್ರವಾರಗಳಲ್ಲಿ ಆ ಹುಡುಗಿ ಒಂದು ಚಿತ್ರ ಕಳಿಸುತ್ತಾಳೆ. ಕಪ್ಪು ನೀರು, ಅಂಚಿನಲ್ಲಿ ಅವಳ ಚಪ್ಪಲಿಯ ತುದಿ, ಬೇರೇನೂ ಇಲ್ಲ. ಕೆಳಗೆ ಒಂದೇ ಮಾತು: ‘ಗಟ್ಟಿ ಇದೆ ಸರ್.’ ಇವರು ಎರಡು ಬೆರಳಿನಿಂದ ಆ ಕಪ್ಪನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸುತ್ತಾರೆ.

“ನೋಡು ಮಾರಾಯ್ತಿ, ಇಟ್ಟುಕೊಂಡಿದ್ದಾಳೆ.”