ಎಮ್ಮೆಯ ಹಿಂಡಿ ತಿಂದು ಎದೆ ಬೆಳೆಸಲು ಹೊರಟೆ

೧೯೮೩ನೇ ಇಸವಿ. ನನಗೆ ಇಪ್ಪತ್ತನಾಲ್ಕು ವರ್ಷ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ಹೋಗಿದ್ದೆ. ಓಟದಲ್ಲಿ, ಜಿಗಿತದಲ್ಲಿ ಪಾಸಾದೆ. ಕೊನೆಗೆ ಎದೆಯ ಸುತ್ತಳತೆ ಒಂದು ಇಂಚು ಕಡಿಮೆ ಎಂದು ವಾಪಸು ಕಳಿಸಿದರು. ಮುಂದಿನ ವರ್ಷ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ನಮ್ಮದು ಅಜ್ಜಂಪುರ. ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಗರಡಿಯಲ್ಲಿ ಭಾರ ಎತ್ತತೊಡಗಿದೆ. ಎರಡು ತಿಂಗಳಾದರೂ ಅಂಗಿ ಬಿಗಿಯಾಗಲಿಲ್ಲ. ಕಲಿಸುತ್ತಿದ್ದ ಉಸ್ತಾದ್ ಕರಿಯಪ್ಪನವರು, "ಬರೀ ಕಬ್ಣ ಎತ್ತಿದ್ರೆ ಆಯ್ತೇನೋ? ಮೈಗೆ ಪ್ರೋಟೀನ್ ಬೇಕು. ದಿನಾ ನಾಕು ಮೊಟ್ಟೆ ತಿನ್ನು" ಎಂದರು. ನಮ್ಮದು ಲಿಂಗಾಯತರ ಮನೆ. ಅಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯ ನಂಜುಂಡಪ್ಪನವರು ಪ್ರೋಟೀನ್ ಪುಡಿಯ ಎರಡು ಡಬ್ಬ ತೆಗೆದಿಟ್ಟರು. ಎರಡರ ಬೆಲೆಯೂ ನನ್ನ ಕೈಗೆ ಎಟುಕುವಂತಿರಲಿಲ್ಲ.

"ಇದ್ರಲ್ಲಿ ಅಂಥಾದ್ದು ಏನೈತೆ ಸಾರ್?" ಎಂದೆ.

ಅವರು ಕನ್ನಡಕ ಏರಿಸಿ ಓದಿದರು. "ಇದ್ರಲ್ಲಿ ಹಾಲಿನ ಪುಡಿ. ಇದ್ರಲ್ಲಿ ಎಣ್ಣೆ ತೆಗ್ದ ಕಡ್ಲೆಕಾಯಿ ಹಿಟ್ಟು, ಸಕ್ರೆ. ಅಂದ್ರೆ ಹಿಂಡಿ ಇದ್ದಂಗೆ ಅನ್ಕೊ."

ನನಗೆ ನಿಧಿ ಸಿಕ್ಕಂತಾಯಿತು. ಎಮ್ಮೆಗೆಂದು ತಂದ ಕಡಲೆಕಾಯಿ ಹಿಂಡಿ ನಮ್ಮ ಕೊಟ್ಟಿಗೆಯಲ್ಲಿ ಮೂಟೆಗಟ್ಟಲೆ ಬಿದ್ದಿತ್ತು! ಏನೂ ಕೊಳ್ಳದೆ ಬಸ್ ಹತ್ತಿದೆ.

ಮರುದಿನದಿಂದಲೇ ಬೆಳಿಗ್ಗೆ ಯಾರೂ ಏಳುವ ಮೊದಲು ಹಿಂಡಿ ಕುಟ್ಟಿ, ಬೆಲ್ಲದ ನೀರಿನಲ್ಲಿ ನೆನೆಸಿ ತಿನ್ನತೊಡಗಿದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಹತ್ತು ಹನ್ನೆರಡು ದಿನವಾದ ಮೇಲೆ ಒಂದು ಬೆಳಿಗ್ಗೆ ಗೋಡೆಗೆ ತಾಗಿದ್ದ ಮೂಟೆ ಬಿಚ್ಚಿದೆ. ಹಿಂಡಿಯಿಂದ ಮುಗ್ಗಲು ವಾಸನೆ ಬರುತ್ತಿತ್ತು. ಎಮ್ಮೆಗೆ ಆಗುವುದು ನನಗೇಕೆ ಆಗಬಾರದು ಎಂದುಕೊಂಡು ತಿಂದೆ.

ಅಂದು ಗರಡಿಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿ ಭಾರ ಎತ್ತುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ಕೈ ಸಡಿಲವಾಗಿ ಕಬ್ಬಿಣದ ಸರಳು ಕೊರಳಿನತ್ತ ಬಂತು. ಕರಿಯಪ್ಪನವರು ಎರಡೂ ಕೈಯಲ್ಲಿ ಹಿಡಿಯದಿದ್ದರೆ ಇಂದು ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಎದ್ದವನೇ ವಾಂತಿ ಮಾಡಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು, "ಏನು ತಿಂದಿದ್ದೀಯಪ್ಪಾ?" ಎಂದು ಮೂರು ಸಲ ಕೇಳಿದರು. ಸುತ್ತ ಜನರಿದ್ದರು. ಮೂರು ಸಲವೂ "ರೊಟ್ಟಿ" ಎಂದೆ. ವಾಂತಿ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಹೆದರಿಕೆ ನಾಚಿಕೆಯನ್ನು ಮೀರಿತು. "ಎಮ್ಮೆ ಹಿಂಡಿ ಸಾರ್" ಎಂದೆ. ಪಕ್ಕದ ಮಂಚದವನು ಗೊಳ್ಳೆಂದು ನಕ್ಕ. ಡಾಕ್ಟರು ನಗಲಿಲ್ಲ. "ಬೂಷ್ಟು ಹಿಡಿದ ಹಿಂಡಿ ವಿಷ ಕಣಯ್ಯ. ಬೆಳಿಗ್ಗೆಯೇ ಹೇಳಬಾರದಿತ್ತೇ?" ಎಂದು ಔಷಧಿ ಬದಲಿಸಿದರು.

ಸುದ್ದಿ ತಿಳಿದು ಮರುದಿನ ನಂಜುಂಡಪ್ಪನವರು ಬಂದರು. "ಹಿಂಡಿ ಅಂತ ಬಾಯಿತಪ್ಪಿ ಅಂದೋನು ನಾನೇ, ತಪ್ಪಾಯ್ತು ಕಣಪ್ಪಾ" ಎಂದರು. ಅಷ್ಟು ಹಿರಿಯರು ತಪ್ಪಾಯ್ತು ಎಂದದ್ದಕ್ಕೆ ನನಗೆ ತೀರಾ ಸಂಕೋಚವಾಯಿತು. ಆಮೇಲೆ ಅವರು ಅಲ್ಲೇ ಕೂತಿದ್ದ ನನ್ನ ತಾಯಿಗೆ ಹೇಳಿದರು: "ಡಬ್ಬ ಏನೂ ಬ್ಯಾಡ ಕಣಮ್ಮ. ಹುರಿಗಡ್ಲೆ, ಒಳ್ಳೆ ಕಡ್ಲೆಬೀಜ ಹುರ್ದು ಪುಡಿ ಮಾಡಿ ಹಾಲಲ್ಲಿ ಕೊಡಿ. ಜೊತೆಗೆ ಮೊಳಕೆ ಹುರುಳಿ."

ಅಮ್ಮ ನನ್ನನ್ನು ನೋಡಿ, "ಕೇಳಿದ್ರೆ ನಾನು ಮಾಡ್ಕೊಡ್ತಿರ್ಲಿಲ್ವೇನೋ?" ಎಂದಳು.

ಅಮ್ಮನ ಪುಡಿಯನ್ನು ಎಂಟು ತಿಂಗಳು ಕುಡಿದೆ. ಮುಂದಿನ ಆಯ್ಕೆಯಲ್ಲಿ ಟೇಪು ಹಿಡಿದವರು ಎರಡು ಸಲ ಅಳೆದು, "ಸರಿ, ಹೋಗು" ಎಂದರು.

ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ನಿವೃತ್ತನಾದೆ. ಠಾಣೆಗೆ ದೂರು ಕೊಡಲು ಬಂದು, ಬಾಯಿ ಬಿಡಲಾಗದೆ ತಲೆ ತಗ್ಗಿಸಿ ನಿಂತ ಎಷ್ಟೋ ಜನರನ್ನು ಕಂಡೆ. ಅವರನ್ನು ಗದರಿಸಲು ನನ್ನಿಂದ ಆಗುತ್ತಿರಲಿಲ್ಲ. ಜನರನ್ನೆಲ್ಲ ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿ, ಒಂದು ಲೋಟ ನೀರು ಕೊಟ್ಟು, ಅವರೇ ಬಾಯಿ ಬಿಡುವವರೆಗೆ ಕಾಯುತ್ತಿದ್ದೆ.