ಅನ್ನದ ಗುಡ್ಡಿ ಜರಿದಾಗ

ಖಂಡಾಳಾ ಘಾಟಿನಲ್ಲಿ ‘ದರಡ’ ಬಿದ್ದು ಮುಂಬೈ ಗಾಡಿ ನಿಂತಿದೆ ಎಂದು ನೆರೆಮನೆಯವರು ಹೇಳಿದಾಗ ನಾನು ಮಾವನವರಿಗೆ ಬಡಿಸುತ್ತಿದ್ದೆ. ನನ್ನ ಯಜಮಾನರು ಮುಂಬೈಯಿಂದ ಅದೇ ಗಾಡಿಯಲ್ಲಿ ಬರುತ್ತಿದ್ದರು. ಧಾರವಾಡದಿಂದ ಆಗಷ್ಟೇ ಪುಣೆಗೆ ಬಂದಿದ್ದ ಹೊಸ ಸೊಸೆ ನಾನು; ಆ ಮರಾಠಿ ಮಾತು ತಿಳಿಯಲಿಲ್ಲ. ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ಪದ್ಧತಿಯಿರಲಿಲ್ಲ. ಅತ್ತೆಯನ್ನೇ ಮೆಲ್ಲಗೆ ಕೇಳಿದೆ.

ಉತ್ತರ ಕೊಟ್ಟವರು ಮಾತ್ರ ಸಂಸ್ಕೃತ ಮಾಸ್ತರರಾಗಿದ್ದ ಮಾವ, ಅದೂ ತಾಟಿನ ಕಡೆ ನೋಡುತ್ತ: “ಸೀಳೋದು ಅಂತ ಮೂಲ ಅರ್ಥ. ನಮ್ಮ ಗಿರಿ-ದರಿಯೊಳಗಿನ ದರಿನೂ ಅಲ್ಲಿಂದನ ಬಂದದ್ದು.” ಅನ್ನದ ಗುಡ್ಡಿಯ ಮೇಲೆ ಸಾರು ಸುರಿದರು. ಒಂದು ಮಗ್ಗುಲು ಮೆಲ್ಲಗೆ ಜರಿಯಿತು. “ನೀರು ಒಳಗ ಇಳಿದ್ರ ಗುಡ್ಡ ಹಿಂಗ ಜರೀತದ. ಅದ ದರಡ.” ಅನ್ನ ಕಲಸುತ್ತಲೇ ಇದ್ದರು. ಒಂದು ತುತ್ತೂ ಬಾಯಿಗೆ ಹೋಗಲಿಲ್ಲ.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು, ಮೊಣಕಾಲಿನವರೆಗೆ ಕೆಸರು. ಕುಸಿದ ಮಣ್ಣನ್ನು ನಡೆದೇ ದಾಟಿ, ಈಚೆಯ ಗಾಡಿ ಹಿಡಿದು ಬಂದಿದ್ದರಂತೆ.

ಮಾವ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು: “ನಿಂತ ಏನ್ ನೋಡ್ತೀ ತಂಗಿ, ಅವಗ ಬಡಸು. ಗುಡ್ಡಿ ಭಾಳ ದೊಡ್ಡದಿರ್ಲಿ.”

ಈಗಲೂ ಯಾರದಾದರೂ ತಾಟಿನಲ್ಲಿ ಅನ್ನ ಜರಿದರೆ ಮಕ್ಕಳು “ದರಡ ಬಿತ್ತು” ಎಂದು ನಗುತ್ತಾರೆ. ನಾನೂ ನಗುತ್ತೇನೆ. ಕಣ್ಣು ಮಾತ್ರ ಮೊದಲು ಬಾಗಿಲಿಗೆ ಹೋಗುತ್ತದೆ.